ಹೊಟ್ಟು ಗುಡಿಸುವವರು ಯಾರು?

ನಿಮ್ಮ ಅಡುಗೆಮನೆಯಲ್ಲಿ ಲಟ್ಟಣಿಗೆ ಇದೆಯಲ್ಲವೇ? ಒಮ್ಮೆ ಕೈಗೆತ್ತಿಕೊಂಡು ನೋಡಿ. ಎಲ್ಲಿ ಮುಟ್ಟಿದರೂ ಒಂದೇ ದುಂಡು. ಎರಡೂ ತುದಿಗೆ ಹಿಡಿಕೆಗೆಂದು ಸಣ್ಣ ಕತ್ತು. ಬಾಚಿಯಿಂದ ಕೆತ್ತಿ ಇಂಥ ದುಂಡು ತರಲು ಯಾರಿಗೂ ಸಾಧ್ಯವಿಲ್ಲ. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಗಿರಗಿರನೆ ತಿರುಗಿಸಿ, ತಿರುಗುವ ಮರಕ್ಕೆ ಉಳಿ ಒಡ್ಡಿದಾಗ ಮಾತ್ರ ಇದು ಬರುತ್ತದೆ. ಮಗುವಿನ ತೊಟ್ಟಿಲಿನ ಕಂಬಿ, ಅಜ್ಜಿಯ ಕಾಲದ ಪಲಂಗದ ಕಾಲು, ಹುಡುಗರ ಬುಗುರಿ, ಮರದ ತಸ್ಬೀಹ್‌ನ ಮಣಿ, ಇವೆಲ್ಲ ಹೀಗೆಯೇ ಹುಟ್ಟಿದವು.

ಈ ಯಂತ್ರಕ್ಕೆ ಉರ್ದುವಿನಲ್ಲಿ ಖರಾದ್ ಎನ್ನುತ್ತಾರೆ, ಕೆಲಸ ಮಾಡುವವನಿಗೆ ಖರಾದಿ. ಉತ್ತರ ಕರ್ನಾಟಕದಲ್ಲಿ ಖರಾದಿ ಎಂಬ ಅಡ್ಡಹೆಸರಿನ ಮುಸ್ಲಿಂ ಕುಟುಂಬಗಳು ಇಂದಿಗೂ ಇವೆ. ಹೆಸರು ಉಳಿದಿದೆ. ಖರಾದು ಎಷ್ಟು ಮನೆಗಳಲ್ಲಿ ಉಳಿದಿದೆ ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಪಲಂಗದ ಜಾಗಕ್ಕೆ ಕಬ್ಬಿಣದ ಮಂಚ ಬಂತು, ಬುಗುರಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು. ನಮ್ಮ ಹುಡುಗರು ಐಟಿಐ ಸೇರಿ ಟರ್ನರ್ ಎಂಬ ಟ್ರೇಡ್ ಕಲಿಯುತ್ತಾರೆ. ಅದೂ ತಿರುಗಿಸುವ ವಿದ್ಯೆಯೇ. ಆದರೆ ಅಲ್ಲಿ ತಿರುಗುವುದು ಕಬ್ಬಿಣ, ಕಲಿತ ಮೇಲೆ ಬಸ್ಸು ಹಿಡಿಯುವುದು ಪುಣೆಗೋ ಹೈದರಾಬಾದಿಗೋ.

ಇದೇ ಮರ ತಿರುಗಿಸುವ ಕೆಲಸಕ್ಕಾಗಿ ಬೇರೆ ದೇಶಗಳಲ್ಲಿ ಊರೂರಿಗೆ ಸಂಘಗಳಿವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಲಂಡನ್ನಿನಲ್ಲಿ ಖರಾದಿಗಳ ಸಂಘಕ್ಕೆ 1604ರಲ್ಲೇ ಅರಸನ ಸನ್ನದು ಸಿಕ್ಕಿತ್ತು. ಆ ಸಂಘ ಹೊಟ್ಟೆಪಾಡಿನದು. ಯಾರು ಕಸುಬು ಮಾಡಬಹುದು, ಯಾರು ಶಾಗಿರ್ದ್ ಆಗಬಹುದು ಎಂಬುದನ್ನು ನಿಶ್ಚಯಿಸುವಂಥದ್ದು. ಮುಂದೆ ಕಾರ್ಖಾನೆಗಳು ಬಂದು ಹೊಟ್ಟೆಪಾಡಿನ ಖರಾದಿ ಅಲ್ಲಿಯೂ ಅಪರೂಪವಾದ. ಆಗ ಇನ್ನೊಂದು ಬಗೆಯ ಸಂಘ ಹುಟ್ಟಿತು. ಅಮೆರಿಕದಲ್ಲಿ 1986ರಲ್ಲಿ, ಬ್ರಿಟನ್ನಿನಲ್ಲಿ 1987ರಲ್ಲಿ ಮರ ತಿರುಗಿಸುವವರ ರಾಷ್ಟ್ರೀಯ ಸಂಘಟನೆಗಳು ಸ್ಥಾಪನೆಯಾದವು. ಅಮೆರಿಕದ ಸಂಘಟನೆಗೆ ಈಗ ಮುನ್ನೂರಕ್ಕೂ ಹೆಚ್ಚು ಸ್ಥಳೀಯ ಶಾಖೆಗಳಿವೆ. ಸದಸ್ಯರು ಯಾರು? ನಿವೃತ್ತ ಶಿಕ್ಷಕರು, ಲಾರಿ ಚಾಲಕರು, ದಂತವೈದ್ಯರು, ಗುಮಾಸ್ತರು. ಹೆಚ್ಚಿನವರಿಗೆ ಇದು ಸಂಪಾದನೆಯಲ್ಲ, ಸಂಜೆಯ ಹವ್ಯಾಸ.

ಇಂಥ ಸಂಘದ ಒಂದು ತಿಂಗಳ ಸಭೆ ಹೇಗಿರುತ್ತದೆ? ಶಾಲೆಯದೋ ಚರ್ಚಿನದೋ ಒಂದು ಹಾಲ್. ಎದುರಿಗೆ ಒಂದು ಲೇತ್. ಒಬ್ಬ ಅನುಭವಿ ಸದಸ್ಯ ಮುಖಕ್ಕೆ ಪಾರದರ್ಶಕ ಕವಚ ಹಾಕಿಕೊಂಡು, ಮುಚ್ಚಳದ ಡಬ್ಬಿಯನ್ನೋ ಬಟ್ಟಲನ್ನೋ ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತಾನೆ. ಹಿಂದೆ ಕುಳಿತವರಿಗೂ ಉಳಿಯ ಮೊನೆ ಕಾಣಲೆಂದು ಕ್ಯಾಮೆರಾ, ಪರದೆ ಇರುತ್ತವೆ. ಕೈಗೆ ಬಂದ ಒಳ್ಳೆಯ ಮರದ ತುಂಡುಗಳನ್ನು ಸದಸ್ಯರು ತಂದು ಚೀಟಿ ಎತ್ತಿ ಹಂಚುತ್ತಾರೆ. ಆ ಚೀಟಿಯ ಹಣವೇ ಸಂಘದ ಚಹಾ ಖರ್ಚು. ಹೊಸಬನೊಬ್ಬ ಬಂದರೆ ಹಳಬನೊಬ್ಬನಿಗೆ ಅವನನ್ನು ಜೋಡಿಸುತ್ತಾರೆ. ಶನಿವಾರ ಮನೆಗೆ ಬಾ, ಉಳಿ ಮಸೆಯುವುದನ್ನು ತೋರಿಸುತ್ತೇನೆ ಎನ್ನುತ್ತಾನೆ ಹಳಬ. ಗೊತ್ತಿರಲಿ, ಈ ವಿದ್ಯೆಯಲ್ಲಿ ಮೊದಲು ಕಲಿಯಬೇಕಾದದ್ದು ಉಳಿ ಮಸೆಯುವುದನ್ನು. ಮೊಂಡು ಉಳಿ ಮರವನ್ನು ಕತ್ತರಿಸದೆ ಹರಿಯುತ್ತದೆ.

ಈ ಸಭೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಒಂದು ಮೇಜು. ಪ್ರತಿಯೊಬ್ಬರೂ ಆ ತಿಂಗಳು ಮಾಡಿದ್ದನ್ನು ತಂದು ಅದರ ಮೇಲೆ ಇಡುತ್ತಾರೆ. ಹೆಸರಾಂತ ಕುಶಲಿಗನ ಕಾಗದದಷ್ಟು ತೆಳ್ಳನೆಯ ಬಟ್ಟಲಿನ ಪಕ್ಕದಲ್ಲೇ ಹೊಸಬನ ಸೊಟ್ಟ ದೀಪಸ್ತಂಭ ಇರುತ್ತದೆ. ಸೀಳು ಬಿಟ್ಟ ಬಟ್ಟಲನ್ನೂ ತರುತ್ತಾರೆ! ಯಾಕೆ ಸೀಳಿತು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಹಸಿ ಮರವನ್ನು ಒಂದೇ ಸಲಕ್ಕೆ ತೆಳ್ಳಗೆ ಮಾಡಿದರೆ ಒಣಗುವಾಗ ಅದು ಸೊಟ್ಟಗಾಗುತ್ತದೆ, ದಪ್ಪ ಬಿಟ್ಟು ಬಿಸಿಲಿಗಿಟ್ಟರೆ ಒಡೆಯುತ್ತದೆ. ಅದಕ್ಕೆ ಒಂದು ಲೆಕ್ಕವಿದೆ. ಬಟ್ಟಲು 10 ಅಂಗುಲ ಅಗಲವಿದ್ದರೆ ಗೋಡೆಯನ್ನು 1 ಅಂಗುಲ ದಪ್ಪ ಬಿಟ್ಟು ಒರಟಾಗಿ ತಿರುಗಿಸಬೇಕು. ಕಾಗದದ ಚೀಲದಲ್ಲಿ ಸುತ್ತಿ ನೆರಳಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಪೂರ್ತಿ ಒಣಗಿದ ಮೇಲೆ ಮತ್ತೆ ಲೇತ್‌ಗೆ ಹಾಕಿ ಕೊನೆಯ ರೂಪ ಕೊಡಬೇಕು. ಹೀಗೆ ಎರಡು ಬಾರಿ ತಿರುಗಿದ ಬಟ್ಟಲು ಮೊಮ್ಮಕ್ಕಳ ಕಾಲದವರೆಗೂ ದುಂಡಾಗಿರುತ್ತದೆ. ಈ ಗುಟ್ಟನ್ನು ಅಲ್ಲಿ ಯಾರೂ ಬಚ್ಚಿಡುವುದಿಲ್ಲ. ಕೇಳಿದವರಿಗೆಲ್ಲ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ.

ಮಾಡಿದ್ದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲದು. ಹಾಗಾಗಿ ದಾನವೂ ಸಂಘದ ಕಾರ್ಯಕ್ರಮವಾಗಿದೆ. ಅಮೆರಿಕದಲ್ಲಿ ಬೀಡ್ಸ್ ಆಫ್ ಕರೇಜ್ ಎಂಬ ಸಂಸ್ಥೆ ಇದೆ. ಕ್ಯಾನ್ಸರಿನಂಥ ಗಂಭೀರ ಕಾಯಿಲೆಯ ಮಕ್ಕಳಿಗೆ ಪ್ರತಿಯೊಂದು ಚುಚ್ಚುಮದ್ದಿಗೆ, ಪ್ರತಿಯೊಂದು ಚಿಕಿತ್ಸೆಗೆ ಒಂದೊಂದು ಬಣ್ಣದ ಮಣಿ ಕೊಡುತ್ತದೆ. ಆ ಮಣಿಗಳನ್ನು ತುಂಬಿಡಲು ಮುಚ್ಚಳದ ಮರದ ಡಬ್ಬಿಗಳನ್ನು ಮಾಡಿಕೊಡುವವರು ಈ ಸಂಘಗಳ ಸದಸ್ಯರು. ಡಬ್ಬಿ ಮಾಡಿದವನಿಗೆ ಆ ಮಗುವಿನ ಮುಖವೂ ಗೊತ್ತಿರುವುದಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡಿ. ಎಲ್ಲ ಸಂಘಗಳಲ್ಲೂ ಕೇಳಿಬರುವ ಹಳೆಯ ದೂರೊಂದಿದೆ. ಕುರ್ಚಿ ಹಾಕುವವರು, ಲೇತ್ ಹೊರುವವರು, ಚಂದಾ ಬರೆಯುವವರು, ಕೊನೆಗೆ ಹೊಟ್ಟು ಗುಡಿಸುವವರು ಯಾವಾಗಲೂ ಅದೇ ನಾಲ್ಕೈದು ಜನ. ಉಳಿದವರು ಬರುತ್ತಾರೆ, ನೋಡುತ್ತಾರೆ, ಬಿಸ್ಕತ್ತು ತಿಂದು ಹೋಗುತ್ತಾರೆ. ಆ ನಾಲ್ಕೈದು ಜನರಿಗೆ ವಯಸ್ಸಾದಾಗ ಸಂಘದ ಬಾಗಿಲು ಮುಚ್ಚುತ್ತದೆ.

ಇದನ್ನು ಓದುವಾಗ ನಿಮ್ಮೂರಿನ ಯಾವುದಾದರೂ ಕಮಿಟಿ ನೆನಪಾಯಿತೇ? ಲೆಟರ್‌ಹೆಡ್‌ನ ಮೇಲೆ ಇಪ್ಪತ್ತೊಂದು ಹೆಸರು, ಜಲ್ಸಾ ಮುಗಿದ ರಾತ್ರಿ ಶಾಮಿಯಾನ ಬಿಚ್ಚಲು ಇಬ್ಬರು. ನಮ್ಮ ಭಾಲ್ಕಿ, ಔರಾದ್, ಬೀದರ್ ಕಡೆ ಸಂಘಗಳಿಗೆ ಬರವಿಲ್ಲ. ಅಧ್ಯಕ್ಷರಿಗಂತೂ ಮೊದಲೇ ಇಲ್ಲ! ಬದುಕಿ ಉಳಿದ ಖರಾದ್ ಸಂಘಗಳನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ಅವು ದೊಡ್ಡ ಹುದ್ದೆಗಳನ್ನು ಸೃಷ್ಟಿಸುವ ಬದಲು ಸಣ್ಣ ಕೆಲಸಗಳನ್ನು ಹಂಚುತ್ತವೆ. ಒಬ್ಬನಿಗೆ ಚಹಾ, ಒಬ್ಬನಿಗೆ ಬೀಗದ ಕೈ, ಒಬ್ಬನಿಗೆ ಹೊಸಬರ ಹೆಸರು ಬರೆಯುವುದು. ‘ನೀವೂ ಸಹಕರಿಸಿ’ ಎಂದು ಮೈಕಿನಲ್ಲಿ ಕೂಗಿದರೆ ಯಾರೂ ಏಳುವುದಿಲ್ಲ. ‘ಈ ಮೇಜಿನ ಆ ತುದಿ ಸ್ವಲ್ಪ ಹಿಡಿಯಿರಿ’ ಎಂದರೆ ಎಲ್ಲರೂ ಏಳುತ್ತಾರೆ. ಮನುಷ್ಯನ ಸ್ವಭಾವವೇ ಹಾಗೆ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಮರ ತಿರುಗಿಸುವ ವಿದ್ಯೆ ಎಂದರೆ ಚನ್ನಪಟ್ಟಣ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಟಿಪ್ಪು ಸುಲ್ತಾನರು ಪರ್ಶಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿ ಕಲಿಸಿದರೆಂಬುದು ಊರಿನ ನಂಬಿಕೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ವಿಧಾನವನ್ನು ಇಲ್ಲಿಗೆ ಅಳವಡಿಸಿದರು. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಇಂದಿಗೂ ಅವರನ್ನೇ ಸ್ಮರಿಸುತ್ತಾರೆ. ಬಳಸುವುದು ಬೆಳ್ಳಗೆ ಮೃದುವಾಗಿರುವ ಆಲೆ ಮರ. ಮರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಒಣಗಿದ ತಾಳೆಯ ಎಲೆ ಒತ್ತಿದರೆ ಕನ್ನಡಿಯಂಥ ಹೊಳಪು! ಬ್ರಷ್ ಇಲ್ಲ, ಡಬ್ಬಿಯ ಪೇಂಟ್ ಇಲ್ಲ. ಹಳದಿ ಬಣ್ಣಕ್ಕೆ ಅರಿಶಿನ ಸಾಕು. ಹಲ್ಲು ಬರುವ ಮಗು ಬಾಯಿಗಿಟ್ಟುಕೊಂಡರೂ ತಾಯಿಗೆ ಚಿಂತೆಯಿಲ್ಲ. 2005-06ರ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ಸಾಲಿನಲ್ಲಿ ನಮ್ಮ ಬಿದ್ರಿ ಕಲೆಗೂ ಸಿಕ್ಕಿತು.

ಚನ್ನಪಟ್ಟಣದ ಕುಶಲಿಗನನ್ನೂ ಅಮೆರಿಕದ ಸಂಘದ ಸದಸ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹವ್ಯಾಸದವನು ಹತ್ತು ಬಟ್ಟಲು ಒಡೆದರೆ ನಗುತ್ತಾನೆ, ಹನ್ನೊಂದನೆಯದಕ್ಕೆ ಕೈ ಹಾಕುತ್ತಾನೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಹತ್ತು ಒಡೆದರೆ ಆ ದಿನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಹವ್ಯಾಸದವನು ದೂಳು ಹೀರುವ ಯಂತ್ರ ಕೊಳ್ಳುತ್ತಾನೆ. ಕೂಲಿಯವನು ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ದೂಳನ್ನು ಉಸಿರಾಡುತ್ತಾನೆ. ಒಂದು ಬುಗುರಿಗೆ ಚೌಕಾಸಿ ಮಾಡುವ ಮುನ್ನ ಈ ಎದೆಯ ದೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೂ ಒಂದು ವಿಷಯದಲ್ಲಿ ಹವ್ಯಾಸದವರಿಂದ ನಾವು ಕಲಿಯಬೇಕಾದದ್ದಿದೆ. ನಮ್ಮ ಕಡೆ ವಿದ್ಯೆ ಮನೆಯೊಳಗೆ ಉಳಿಯಿತು. ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದ್‌ಗೆ. ಇದರಿಂದ ಲಾಭವಾಗಲಿಲ್ಲ ಎನ್ನಲಾರೆ. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರು ಬಿದ್ರಿ ಕೆಲಸ ಕಲಿತದ್ದು ತಮ್ಮ ತಂದೆಯ ಬಳಿಯಲ್ಲೇ. ಬಿದ್ರಿಯಲ್ಲಿಯೂ ಖರಾದಿನ ಒಂದು ಪಾತ್ರವಿದೆ. ಸತುವು ಮತ್ತು ತಾಮ್ರದ ಎರಕದಿಂದ ಬಂದ ದುಂಡು ಪಾತ್ರೆಯನ್ನು ಚರಕದ ಮೇಲೆ ತಿರುಗಿಸಿ ನುಣುಪು ಮಾಡುವ ಪದ್ಧತಿ ಹಳೆಯದು. ಬೆಳ್ಳಿಯ ಹೂಬಳ್ಳಿ ಕೂರುವುದು ಆ ನುಣುಪಿನ ಮೇಲೆ. ನೋಡಿದವರು ಬೆಳ್ಳಿಯನ್ನು ಹೊಗಳುತ್ತಾರೆ, ಚರಕ ತಿರುಗಿಸಿದವನನ್ನು ಯಾರೂ ಕೇಳುವುದಿಲ್ಲ. ಮನೆಯ ವಿದ್ಯೆಗೆ ಇರುವ ಅಪಾಯವೆಂದರೆ ಮಗ ಬೇಡವೆಂದ ದಿನ ಅದು ಅಲ್ಲಿಗೇ ನಿಲ್ಲುತ್ತದೆ. ಮಗಳು ಬೇಕೆಂದರೂ ಅವಳನ್ನು ಯಾರೂ ಕೇಳಿರುವುದಿಲ್ಲ. ಚನ್ನಪಟ್ಟಣದಲ್ಲಿ ಬಣ್ಣ ಹಚ್ಚುವುದಕ್ಕೆ, ಜೋಡಿಸುವುದಕ್ಕೆ ಮಾತ್ರವಿದ್ದ ಹೆಣ್ಣುಮಕ್ಕಳು ತರಬೇತಿ ಪಡೆದು ಲೇತ್ ಮುಂದೆಯೂ ಕುಳಿತಿದ್ದಾರೆ. ಅಮೆರಿಕದ ಸಂಘಟನೆಯೂ ಮಹಿಳೆಯರಿಗೆಂದೇ ಒಂದು ವಿಭಾಗ ತೆರೆದಿದೆ. ಗಂಡಸರ ಗುಂಪಿನಲ್ಲಿ ಒಬ್ಬಳೇ ನಿಂತು ಕಲಿಯುವುದು ಅಲ್ಲಿಯೂ ಸುಲಭವಾಗಿರಲಿಲ್ಲ ಎಂದಾಯಿತು.

ಅರಬ್ ನಾಡುಗಳ ಮಾತು ಹೇಳದಿದ್ದರೆ ಈ ವಿಷಯ ಪೂರ್ಣವಾಗದು. ಕೈರೋದ ಹಳೆಯ ಮನೆಗಳ ಕಿಟಕಿಗಳಿಗೆ ಮಶ್ರಬಿಯ್ಯ ಎಂಬ ಮರದ ಜಾಲರಿ ಇರುತ್ತದೆ. ಸಾವಿರಾರು ಪುಟ್ಟ ತುಂಡುಗಳನ್ನು ಖರಾದಿನಲ್ಲಿ ತಿರುಗಿಸಿ, ಮೊಳೆಯಿಲ್ಲದೆ ಒಂದರೊಳಗೊಂದು ಸೇರಿಸಿದ್ದು. ಬಿಸಿಲಿಗೆ ಮರ ಕುಗ್ಗಿದರೂ ಹಿಗ್ಗಿದರೂ ಜಾಲರಿ ಸೀಳುವುದಿಲ್ಲ. ಗಾಳಿ ಒಳಗೆ ಬರುತ್ತದೆ, ಒಳಗಿನವರು ಬೀದಿ ನೋಡಬಹುದು, ಬೀದಿಯವರಿಗೆ ಒಳಗಿನವರು ಕಾಣರು. ಮೊರಾಕ್ಕೋದ ಪೇಟೆಗಳಲ್ಲಿ ಖರಾದಿಗಳು ಒಂದು ಕೈಯಿಂದ ಬಿಲ್ಲು ಎಳೆದು ಮರ ತಿರುಗಿಸುತ್ತಾ, ಇನ್ನೊಂದು ಕೈ ಮತ್ತು ಕಾಲ್ಬೆರಳುಗಳ ನಡುವೆ ಉಳಿ ಹಿಡಿಯುತ್ತಾರೆ. ಕರೆಂಟು ಇಲ್ಲ ಎಂಬ ನೆಪ ಅವರಿಗಿಲ್ಲ!

ಖಟಕ ಚಿಂಚೋಳಿಯಂಥ ಊರಿನಲ್ಲಿ ಇಂಥದೊಂದು ಕೂಟ ಸಾಧ್ಯವೇ ಎಂದು ನೀವು ಕೇಳಬಹುದು. ಮರಕ್ಕೆ ಕೊರತೆಯಿಲ್ಲ. ಗಾಳಿಗೆ ಬಿದ್ದ ಬೇವು, ಹಣ್ಣು ಬಿಡದ ಮಾವು, ಬಾಂದಿನ ಮೇಲಿನ ಜಾಲಿ, ಎಲ್ಲ ಸೌದೆಯಾಗುತ್ತಿವೆ. ಜಾಗವೂ ಇದೆ. ಅಸರ್ ನಮಾಝಿನಿಂದ ಮಗ್ರಿಬ್‌ವರೆಗೆ ಹೋಟೆಲಿನ ಮುಂದೆ ಕೂರುವ ನಿವೃತ್ತರೂ ಇದ್ದಾರೆ, ಪರೀಕ್ಷೆ ಮುಗಿದ ಹುಡುಗರೂ ಇದ್ದಾರೆ. ಬೇಕಾದದ್ದು ಒಂದು ಲೇತ್, ನಾಲ್ಕು ಉಳಿ, ಒಬ್ಬ ಉಸ್ತಾದರು. ಉಸ್ತಾದರನ್ನು ‘ಸೇವೆ’ಯ ಹೆಸರಿನಲ್ಲಿ ಪುಕ್ಕಟೆ ಕರೆಯಬೇಡಿ. ಕಸುಬಿನವನ ಅರ್ಧ ದಿನ ಎಂದರೆ ಅವನ ಅರ್ಧ ಸಂಬಳ. ಸದಸ್ಯರೆಲ್ಲ ಸೇರಿ ಅದನ್ನು ಕೊಟ್ಟ ಮೇಲೆ ಉಳಿದ ಲೆಕ್ಕ ಮಾಡಲಿ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ಗೊಂಬೆ ಮಾಡುವವನೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು ಅದರಲ್ಲಿದೆ. ಆದರೆ ಅದು ಕಸುಬುದಾರನಿಗೆ, ಕೂಟಕ್ಕಲ್ಲ.

ಕೆಲವು ಎಚ್ಚರಿಕೆಗಳು. ತಿರುಗುವ ಲೇತ್‌ಗೆ ಬಟ್ಟೆಯೆಂದರೆ ಬಲು ಆಸೆ. ಕುರ್ತಾದ ತೋಳು ಮೊಳಕೈವರೆಗೆ ಮಡಚಿರಬೇಕು, ದುಪಟ್ಟಾದ ತುದಿ ಬಿಗಿಯಾಗಿ ಒಳಗೆ ಸಿಕ್ಕಿಸಿರಬೇಕು, ಕೈಗವಸು ಮಾತ್ರ ಬೇಡವೇ ಬೇಡ. ಕಣ್ಣಿಗೆ ಮುಖಕ್ಕೆ ಕವಚ, ಮೂಗಿಗೆ ಮಾಸ್ಕ್. ಕೋವಿಡ್ ಕಾಲದ ಮಾಸ್ಕುಗಳು ಮನೆಯಲ್ಲಿ ಇನ್ನೂ ಬಿದ್ದಿದ್ದರೆ ಏನೂ ಇಲ್ಲದಕ್ಕಿಂತ ವಾಸಿ. ಮೊದಲ ತಿಂಗಳು ಎಲ್ಲರೂ ಲಟ್ಟಣಿಗೆ ಮಾಡಲಿ, ಮನೆಯವರೇ ಪರೀಕ್ಷಕರು. ಎರಡನೆಯ ತಿಂಗಳು ಬುಗುರಿ. ಅದನ್ನು ಓಣಿಯ ಮಕ್ಕಳ ಕೈಗೆ ಕೊಟ್ಟು ನೋಡಿ. ಅದರುತ್ತಾ ಬಿದ್ದರೆ ಮೊಳೆ ನಡುವಿಗೆ ಕೂತಿಲ್ಲ ಎಂದರ್ಥ, ಮಕ್ಕಳು ಮುಖ ನೋಡಿ ಹೇಳಿಬಿಡುತ್ತಾರೆ. ಲೇತಿನ ಕೆಳಗೆ ಬಿದ್ದ ಹೊಟ್ಟು ಸ್ನಾನದ ನೀರಿನ ಒಲೆಗೆ ಚೆನ್ನಾಗಿ ಉರಿಯುತ್ತದೆ, ಚೀಲ ತಂದವರು ತುಂಬಿಕೊಂಡು ಹೋಗಲಿ. ಪೊರಕೆಯ ಸರದಿಯನ್ನು ಮಾತ್ರ ಗೋಡೆಯ ಮೇಲೆ ಹೆಸರು ಸಹಿತ ಬರೆದಿಡಿ, ಅಧ್ಯಕ್ಷರ ಹೆಸರಿನಿಂದ ಶುರು ಮಾಡಿ.