ಫ್ರೈಬುರ್ಗ್ ಡೈರಿ – 27: ಜ್ವಾಲಾಮುಖಿಯ ಹೆಸರಿಗೆ ರೊಕ್ಕ ಕೊಡಬ್ಯಾಡ್ರಿ

ಈ ಸಲದ ಪೋಸ್ಟ್ ವೈನ್ ಬಗ್ಗೆ. ಅವ್ವ, ದೊಡ್ಡವ್ವ, ಮಾವಂದಿರು ಎಲ್ಲರೂ ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. "ಹುಡುಗಿ ಜರ್ಮನಿಗೆ ಹೋಗಿ ಕೆಟ್ಟಳು" ಅನ್ನುವ ಮೊದಲು ಕೊನೆತನಕ ಓದ್ರಿ. ಇದರಲ್ಲಿ ನಮ್ಮ ಹೊಲದ ಮಾತೂ ಇದೆ.

ಹೋದ ತಿಂಗಳು ನನ್ನ ತಮ್ಮ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಯಾರೋ ಏಜೆಂಟ್ ಮನೆಗೆ ಬಂದಿದ್ದನಂತೆ. "ನಿಮ್ಮ ವಿಜಯಪುರದ ನೆಲ ಜ್ವಾಲಾಮುಖಿಯಿಂದ ಆಗಿದ್ದು. ಯುರೋಪಿನಾಗ ಇಂಥ ನೆಲದ ವೈಟ್ ವೈನಿಗೆ ಭಾರಿ ರೇಟ್ ಐತಿ, ಇಟ್ಟಷ್ಟೂ ರೇಟ್ ಏರತೈತಿ. ಥಾಮ್ಸನ್ ಕಿತ್ತು ವೈನ್ ದ್ರಾಕ್ಷಿ ಹಚ್ಚರಿ, ಸಸಿ ನಾವೇ ಕೊಡ್ತೀವಿ" ಅಂದನಂತೆ. ಮಾತು ನಡೆದದ್ದು ಎರಡು ಎಕರೆಗೆ. ಅದು ನಮ್ಮ ಮನೆಯ ಅರ್ಧ ತೋಟ. "ಅಕ್ಕಾ, ನೀ ಅಲ್ಲೇ ಅದೀ. ಖರೇ ಏನು ಹೇಳು" ಅಂತ ತಮ್ಮ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ಆ ಮನುಷ್ಯ ನಮ್ಮ ಮನೆಯೊಂದಕ್ಕೇ ಬಂದು ಹೋಗಿರಲಿಕ್ಕಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಜ್ವಾಲಾಮುಖಿಯ ಕಲ್ಲು ವೈನಿನ ರುಚಿಯನ್ನೂ ಆಯುಷ್ಯವನ್ನೂ ತಾನೇ ತಂದುಕೊಡುವುದಿಲ್ಲ. ಅದನ್ನು ಮಾಡುವುದು ಹುಳಿ, ನೀರು, ರಾತ್ರಿಯ ತಂಪು ಮತ್ತು ಮನುಷ್ಯನ ಕೆಲಸ. ಕಲ್ಲಿನ ಹೆಸರು ಹೇಳಿ ಬಾಟಲಿ ಮಾರುವವನಿಗೂ ಸಸಿ ಮಾರುವವನಿಗೂ ಮೊದಲು ಈ ನಾಲ್ಕರ ಬಗ್ಗೆ ಪ್ರಶ್ನೆ ಕೇಳಬೇಕು.

ಏಜೆಂಟ್ ಹೇಳಿದ್ದರಲ್ಲಿ ಒಂದು ಮಾತು ಸುಳ್ಳಲ್ಲ. ನಮ್ಮ ನೆಲ ಜ್ವಾಲಾಮುಖಿಯದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ದಖನ್ ಪ್ರಸ್ಥಭೂಮಿ ಆಯಿತು. ಆ ಬಸಾಲ್ಟ್ ಕಲ್ಲು ಸವೆದು ಸವೆದು ನಮ್ಮ ಎರಿ ಭೂಮಿ ಆಗಿದೆ. ನಾಸಿಕದ ವೈನ್ ತೋಟಗಳೂ ಇದೇ ಬಸಾಲ್ಟಿನ ಮೇಲಿವೆ.

ನಾನಿರುವ ಫ್ರೈಬುರ್ಗ್ ಊರಿನ ಪಶ್ಚಿಮಕ್ಕೂ ಒಂದು ಹಳೆಯ ಜ್ವಾಲಾಮುಖಿ ಇದೆ. ಹೆಸರು ಕೈಸರ್‌ಸ್ಟೂಲ್, ಅಂದರೆ ಚಕ್ರವರ್ತಿಯ ಕುರ್ಚಿ. ಸುಮಾರು ಒಂದೂವರೆಯಿಂದ ಎರಡು ಕೋಟಿ ವರ್ಷಗಳ ಹಿಂದೆ ಉರಿದು ತಣ್ಣಗಾದದ್ದು. ಅತಿ ಎತ್ತರದ ಜಾಗ 557 ಮೀಟರ್ ಅಷ್ಟೇ. ಜರ್ಮನಿಯಲ್ಲಿ ಅತಿ ಬೆಚ್ಚಗಿನ ಜಾಗಗಳಲ್ಲಿ ಇದೂ ಒಂದು. ಬೆಟ್ಟದ ತುಂಬ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಆದರೆ ಬೆಟ್ಟದ ಹೆಚ್ಚಿನ ಭಾಗದಲ್ಲಿ ಲಾವಾ ಕಲ್ಲು ಕಣ್ಣಿಗೆ ಬೀಳುವುದೇ ಇಲ್ಲ. ಹಿಮಯುಗದಲ್ಲಿ ಗಾಳಿ ಹೊತ್ತು ತಂದ ಹಳದಿ ಧೂಳು, ಇಲ್ಲಿನವರು ಲೋಸ್ ಅನ್ನುವ ಮಣ್ಣು, ಅದರ ಮೇಲೆ ದಪ್ಪಗೆ ಕೂತಿದೆ. ಈರಿಂಗನ್ ಊರಿನ ವಿಂಕ್ಲರ್‌ಬೆರ್ಗ್, ಆಖ್‌ಕಾರನ್ ಊರಿನ ಶ್ಲಾಸ್‌ಬೆರ್ಗ್ ಇಂಥ ಇಳಿಜಾರುಗಳಲ್ಲಿ ಮಾತ್ರ ಕಪ್ಪು ಕಲ್ಲು ಹೊರಗೆ ಕಾಣುತ್ತದೆ.

ಹೀಗಾಗಿ ಇಲ್ಲಿ ಒಂದು ಒಳ್ಳೆಯ ಹೋಲಿಕೆ ಸಿಗುತ್ತದೆ. ಒಬ್ಬನೇ ರೈತ, ಒಂದೇ ವರ್ಷ, ಒಂದೇ ಗ್ರಾವ್‌ಬುರ್ಗುಂಡರ್ ತಳಿ. ಒಂದು ಗ್ಲಾಸ್ ಹಳದಿ ಮಣ್ಣಿನದು, ಇನ್ನೊಂದು ಲಾವಾ ಕಲ್ಲಿನದು. ನಾನು ರುಚಿ ನೋಡಿದ್ದೇನೆ. ಹಾಂ, ನುಂಗದೆ ಬಕೆಟ್ಟಿಗೆ ಉಗುಳಿದ್ದೇನೆ. ಇಲ್ಲಿ ಅದು ಅಸಭ್ಯ ಅಲ್ಲ, ಅದೇ ಪದ್ಧತಿ. ವ್ಯತ್ಯಾಸ ಖಂಡಿತ ಇತ್ತು. ಹಳದಿ ಮಣ್ಣಿನದು ಮೆತ್ತಗೆ, ಪೇರಲ ಹಣ್ಣಿನ ಹಾಗೆ. ಕಲ್ಲಿನದು ಬಿಗಿ, ನಿಂಬೆಯ ಹಾಗೆ, ಸ್ವಲ್ಪ ಹೊಗೆಯ ವಾಸನೆ, ಉಗುಳಿದ ಮೇಲೂ ಕೆನ್ನೆಯ ಒಳಗೆ ನೀರು ಒಸರುತ್ತಿತ್ತು.

"ನೋಡಿದಿರಾ, ಲಾವಾದ ರುಚಿ" ಅಂತ ಪ್ರವಾಸಿಗರು ಖುಷಿಪಡುತ್ತಾರೆ. ಆ ರೈತನನ್ನೇ ಕೇಳಿದರೆ ಅವನ ಉತ್ತರ ಬೇರೆ. ಕಲ್ಲಿನ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಬಳ್ಳಿ ಕಷ್ಟಪಡುತ್ತದೆ, ಫಸಲು ಕಡಿಮೆ, ಕಾಯಿ ಸಣ್ಣದು, ರಸ ಗಟ್ಟಿ. ಹಳದಿ ಮಣ್ಣು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ, ಬಳ್ಳಿ ಆರಾಮಾಗಿ ಇರುತ್ತದೆ. ಅಂದರೆ ನೆಲದ ಪ್ರಭಾವ ಇದೆ, ಆದರೆ ಅದು ನೀರಿನ ಲೆಕ್ಕದಿಂದ ಬಂದದ್ದು. ಕಲ್ಲು ಕರಗಿ ಗ್ಲಾಸಿಗೆ ಇಳಿದದ್ದಲ್ಲ.

ಅಲೆಕ್ಸ್ ಮಾಲ್ಟ್‌ಮನ್ ಅನ್ನುವ ಭೂವಿಜ್ಞಾನಿ 2018ರಲ್ಲಿ ದ್ರಾಕ್ಷಿ ತೋಟದ ಕಲ್ಲು-ಮಣ್ಣಿನ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಅವರ ವಾದವೂ ಇದೇ. ಬೇರು ಕಲ್ಲನ್ನು ತಿನ್ನುವುದಿಲ್ಲ, ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರುತ್ತದೆ. ವೈನಿನಲ್ಲಿ ಉಳಿಯುವುದು ನಾಲಿಗೆಗೆ ಗೊತ್ತಾಗದಷ್ಟು ಸ್ವಲ್ಪ. ನರ್ಸಾಗಿ ನನಗೆ ಇದು ಥಟ್ಟನೆ ಅರ್ಥವಾಯಿತು. ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ ಹೋಗುವಾಗ ಅದು ಯಾವ ಗಣಿಯಿಂದ ಬಂತು ಅಂತ ರೋಗಿಯ ದೇಹ ಕೇಳುವುದಿಲ್ಲ. ಮತ್ತೆ ಆ ಹೊಗೆಯ ವಾಸನೆ? ಕಲ್ಲು ಕುಟ್ಟಿದಂಥ, ಬೆಂಕಿಕಡ್ಡಿ ಗೀರಿದಂಥ ವಾಸನೆ ಬರುವುದು ಹೆಚ್ಚಾಗಿ ರಸ ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳಿಂದ.

ಇದಕ್ಕೆ ವಿರುದ್ಧವಾಗಿ ಯೋಚಿಸುವವರೂ ಇದ್ದಾರೆ. ಕೆನಡಾದ ಜಾನ್ ಸಾಬೊ 2016ರಲ್ಲಿ ಜ್ವಾಲಾಮುಖಿ ವೈನುಗಳ ಬಗ್ಗೆ ದೊಡ್ಡ ಪುಸ್ತಕ ತಂದರು, ಇಂಥ ನೆಲಗಳ ವೈನುಗಳನ್ನು ಒಂದು ಬಳಗವಾಗಿ ನೋಡಿದರು. ಆ ನೆಲಗಳಲ್ಲಿ ಒಳ್ಳೆಯ ವೈನ್ ಆಗುತ್ತದೆ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಕಾರಣ ಯಾವುದು ಅನ್ನುವುದರಲ್ಲಿ ಇದೆ.

ನಮ್ಮ ಊರವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಮಾಲದಂಡಿ ಜೋಳ ಎರಿ ಹೊಲದಲ್ಲಿ ಯಾಕೆ ಚಲೋ ಬರುತ್ತದೆ? ಮುಂಗಾರಿನ ನೀರನ್ನು ಆ ಮಣ್ಣು ಹಿಂಗಾರಿನ ತನಕ ಹಿಡಿದಿಡುತ್ತದೆ. ಅದೇ ಜೋಳದ ರೊಟ್ಟಿ ತಿಂದರೆ ಬಾಯಲ್ಲಿ ಬಸಾಲ್ಟ್ ರುಚಿ ಬರುತ್ತದೇನ್ರಿ?

ಈಗ ಗ್ರೀಸಿನ ಸ್ಯಾಂಟೊರಿನಿ ದ್ವೀಪ. ಏಜೆಂಟ್ ಫೋನಿನಲ್ಲಿ ಫೋಟೋ ತೋರಿಸಿದ್ದು ಅದನ್ನೇ. ಅಲ್ಲಿ ಅಸಿರ್ಟಿಕೊ ಅನ್ನುವ ಬಿಳಿ ದ್ರಾಕ್ಷಿ ಬೆಳೆಯುತ್ತಾರೆ. ಮಳೆ ತೀರ ಕಡಿಮೆ. ಗಾಳಿಗೆ ಹೆದರಿ ಬಳ್ಳಿಯನ್ನು ಬುಟ್ಟಿಯ ಹಾಗೆ ಸುತ್ತಿ ನೆಲಕ್ಕೆ ಅಂಟಿಸುತ್ತಾರೆ, ಕಾಯಿ ಬುಟ್ಟಿಯ ಒಳಗೆ ಆಗುತ್ತದೆ. ಬೂದಿ ಮಣ್ಣಿನಲ್ಲಿ ಜೇಡಿ ಇಲ್ಲದ್ದರಿಂದ ಯುರೋಪಿನ ತೋಟಗಳನ್ನು ನುಂಗಿದ ಫಿಲಾಕ್ಸೆರಾ ಹುಳ ಅಲ್ಲಿ ನೆಲೆಯೂರಲಿಲ್ಲ, ಹಾಗಾಗಿ ಬಹಳ ಹಳೆಯ ಬೇರುಗಳು ಉಳಿದಿವೆ. ಎಕರೆಗೆ ಬರುವ ಫಸಲು ತೀರ ಸ್ವಲ್ಪ. ಎಲ್ಲಕ್ಕಿಂತ ಮುಖ್ಯ, ಆ ತಳಿ ಬಿಸಿಲಿನಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ. ಇಷ್ಟೆಲ್ಲ ಸೇರಿ ಆ ರೇಟ್. ನಮ್ಮಲ್ಲಿರುವುದು ಅದರಲ್ಲಿ ಒಂದೇ ಒಂದು, ಲಾವಾ.

ಹುಳಿಯನ್ನು ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಅಂದರೆ, ವೈಟ್ ವೈನಿನ ಆಯುಷ್ಯ ನಿಂತಿರುವುದು ಅದರ ಮೇಲೆ. ಹುಳಿ ಜಾಸ್ತಿ ಇದ್ದರೆ ಕೀಟಾಣು ಬೆಳೆಯುವುದು ಕಷ್ಟ, ಕಾಪಾಡಲು ಹಾಕುವ ಗಂಧಕವೂ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಒಣದ್ರಾಕ್ಷಿ ಕಪ್ಪಾಗಬಾರದು ಅಂತ ಗಂಧಕದ ಹೊಗೆ ಕೊಡುತ್ತೀವಲ್ಲ, ಅದೇ ಸಲ್ಫರ್ ಡೈಆಕ್ಸೈಡ್. ದಮ್ಮು ಇದ್ದವರಲ್ಲಿ ಕೆಲವರಿಗೆ ಅದು ಆಗಿಬರುವುದಿಲ್ಲ, ನೆನಪಿರಲಿ.

ಹಂಗರಿಯ ಟೊಕಾಯ್ ಕೂಡ ಜ್ವಾಲಾಮುಖಿ ನೆಲ. ಅಲ್ಲಿನ ಸಿಹಿ ವೈನ್ ಹತ್ತಾರು ವರ್ಷ ಬಾಳುತ್ತದೆ, ಯಾಕಂದರೆ ಸಕ್ಕರೆಯೂ ಹುಳಿಯೂ ಎರಡೂ ಭರ್ತಿ ಇವೆ. ಕೈಸರ್‌ಸ್ಟೂಲಿನ ಸಾದಾ ಗ್ರಾವ್‌ಬುರ್ಗುಂಡರ್‌ಗೆ ಎರಡು ಮೂರು ವರ್ಷ ಸಾಕು. ಎರಡೂ ಲಾವಾದ ಮಕ್ಕಳೇ, ಆಯುಷ್ಯ ಮಾತ್ರ ಬೇರೆ ಬೇರೆ. ಹಂಗರಿಯದ್ದೇ ಇನ್ನೊಂದು ಬಸಾಲ್ಟ್ ಗುಡ್ಡ ಶೊಮ್ಲೊ. ಅಲ್ಲಿಯ ವೈನನ್ನು ಮದುವೆಯ ರಾತ್ರಿ ಕುಡಿದರೆ ಗಂಡು ಮಗು ಆಗುತ್ತದೆ ಅಂತ ಹಿಂದೆ ನಂಬಿದ್ದರು. ಕಥೆ ಮಾರುವುದು ನಮ್ಮ ಏಜೆಂಟನಿಂದ ಶುರುವಾದದ್ದಲ್ಲ ಬಿಡ್ರಿ.

"ಹಳೇದಾದಷ್ಟೂ ಚಲೋ" ಅನ್ನುವ ಮಾತನ್ನೂ ಬಿಡಬೇಕು. ಹೆಚ್ಚಿನ ವೈಟ್ ವೈನ್ ಬೇಗ ಮುಗಿಸಲಿಕ್ಕೇ ಮಾಡಿದ್ದು. ಇಡುವಂಥದ್ದನ್ನೂ ಕತ್ತಲಲ್ಲಿ, 10ರಿಂದ 13 ಡಿಗ್ರಿ ತಂಪಿನಲ್ಲಿ, ಕಾರ್ಕ್ ಒಣಗದ ಹಾಗೆ ಮಲಗಿಸಿ ಇಡಬೇಕು. ಯಾರೋ ಫಾರಿನ್‌ನಿಂದ ತಂದುಕೊಟ್ಟ ಬಾಟಲಿ ನಮ್ಮ ಕಡೆ ಕೆಲವರ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ನಿಂತಿದೆ. ವಿಜಯಪುರದ 40 ಡಿಗ್ರಿ ಬಿಸಿಲನ್ನು ನಾಲ್ಕು ಬ್ಯಾಸಗಿ ಕಂಡ ಮೇಲೆ ಅದು ಬಣ್ಣದ ನೀರು, ಅಷ್ಟೇ. ಒಣದ್ರಾಕ್ಷಿಯನ್ನೇ ಕೋಲ್ಡ್ ಸ್ಟೋರೇಜಿನಲ್ಲಿ ಇಡುವ ಊರು ನಮ್ಮದು, ಇದನ್ನು ನಾನು ಹೇಳಬೇಕೇ?

ಒಂದು ವೈನ್ ಬಾಳುತ್ತದೋ ಇಲ್ಲವೋ ಅಂತ ನೋಡಲು ಇಲ್ಲಿನವರು ಒಂದು ಸರಳ ಉಪಾಯ ಮಾಡುತ್ತಾರೆ. ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನ ದಿನಕ್ಕೊಂದು ಗುಟುಕು ನೋಡುವುದು. ಮೂರನೇ ದಿನವೂ ಗಟ್ಟಿಯಾಗಿ ನಿಂತರೆ ಅದಕ್ಕೆ ಜೀವ ಇದೆ. ಇನ್ನೊಂದು, ಬಾಟಲಿಗೆ ಕಾಲುಚೀಲ ಹಾಕಿ ಹೆಸರು ಕಾಣದ ಹಾಗೆ ಮಾಡಿ ರುಚಿ ನೋಡುವುದು. ನಮ್ಮ ವಾರ್ಡಿನ ಐದು ಜನ ಹೀಗೆ ಮೂರು ಬಾಟಲಿ ನೋಡಿದೆವು. ಲಾವಾದ್ದು ಯಾವುದು ಅಂತ ಸರಿಯಾಗಿ ಹೇಳಿದವಳು ಒಬ್ಬಳೇ, ಅವಳೂ ಅಂದಾಜಿಗೆ ಹೇಳಿದ್ದು.

ನರ್ಸಾಗಿ ಒಂದು ಮಾತು ಹೇಳದೆ ಬಿಡಲಾರೆ. ಯಾವ ಮಣ್ಣಿನದೇ ಇರಲಿ, ವೈನ್ ಔಷಧ ಅಲ್ಲ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತು. ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಪ್ರಮಾಣ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಲಿವರ್ ಹಾಳಾಗಿ ಬಂದವರ ಹೊಟ್ಟೆಯಿಂದ ನೀರು ತೆಗೆಯುವಾಗ ಪಕ್ಕದಲ್ಲಿ ನಿಂತವಳು ನಾನು. ಮಾವಾ, "ವೈನ್ ಹಾರ್ಟಿಗೆ ಚಲೋ ಅಂತ" ಅಂತ ಫಾರ್ವರ್ಡ್ ಕಳಿಸೋದು ಇನ್ನ ಸಾಕು.

ಈಗ ನಮ್ಮ ತೋಟ. ಇಲ್ಲಿ ದ್ರಾಕ್ಷಿ ಹಣ್ಣಾಗುವುದು ಸೆಪ್ಟೆಂಬರಿನಲ್ಲಿ, ದಿನದಿನಕ್ಕೆ ರಾತ್ರಿ ತಂಪಾಗುತ್ತಾ ಹೋಗುವಾಗ. ಹಾಗಾಗಿ ಹುಳಿ ಉಳಿಯುತ್ತದೆ. ನಮ್ಮಲ್ಲಿ ಅಕ್ಟೋಬರಿನ ಚಾಟ್ನಿ ಆದ ಮೇಲೆ ಹಣ್ಣು ಬರುವುದು ಸಂಕ್ರಾಂತಿ ದಾಟಿ ಬಿಸಿಲು ಏರುವಾಗ. ಬಿಸಿಗೆ ಹುಳಿ ಇಳಿಯುತ್ತದೆ. ಒಣದ್ರಾಕ್ಷಿಗೆ ಅದು ವರ, ಬಹಳ ದಿನ ಇಡುವ ವೈಟ್ ವೈನಿಗೆ ಶಾಪ. ಸರ್ಕಾರ 2007ರಲ್ಲಿ ವೈನ್ ನೀತಿ ತಂದಿದೆ, ವೈನ್ ದ್ರಾಕ್ಷಿ ಬೆಳೆಯಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಹಾಕಿ ಬೆಳೆಯಬೇಕು.

ತಮ್ಮಾ, ಆ ಮನುಷ್ಯ ಮತ್ತ ಬಂದ್ರ ಮೂರು ಮಾತು ಕೇಳು. ಹಣ್ಣು ತಗೊಳ್ಳೋರು ಯಾರು, ಯಾವ ದರಕ್ಕ, ಬರದು ಕೊಡ್ತಾರೇನು? ನಮ್ಮ ಭಾಗದಾಗ ಈ ತಳಿ ಈಗಾಗಲೇ ಬೆಳೆದವರ ಹಣ್ಣಿನಾಗ ಕೊಯ್ಲಿನ ದಿನ ಹುಳಿ ಎಷ್ಟಿತ್ತು, ಲ್ಯಾಬ್ ಚೀಟಿ ಐತೇನು? ಫಲ ಬರೋತನಕ ಎರಡು ಮೂರು ವರ್ಷ ಮನಿ ಖರ್ಚು ಯಾರು ನೋಡ್ತಾರ? ಮೂರಕ್ಕೂ ಉತ್ತರ ಕಾಗದದ ಮ್ಯಾಲೆ ಬಂದ್ರ ನಾಲ್ಕು ಸಾಲು ಹಚ್ಚಿ ನೋಡು. ಬರೇ ಜ್ವಾಲಾಮುಖಿ, ಜ್ವಾಲಾಮುಖಿ ಅಂದ್ರ ಚಾ ಕುಡಿಸಿ ಕಳಿಸು. ಥಾಮ್ಸನ್ ಬಳ್ಳಿಗೆ ಮಾತ್ರ ಕೊಡಲಿ ಹಚ್ಚಬ್ಯಾಡ.

ಊರಲ್ಲಿ ಬೇರೆ ಯಾರ ಮನೆಗಾದರೂ ಇಂಥವರು ಬಂದಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಎಲ್ಲರಿಗೂ ಗೊತ್ತಾಗಲಿ. ಮುಂದಿನ ವಾರ ನೈಟ್ ಡ್ಯೂಟಿ, ಉತ್ತರ ತಡವಾದರೆ ಬೈಬ್ಯಾಡ್ರಿ.