ಕಪ್ಪು ಪರದೆ ಎಲ್ಲರಿಗೂ ಒಗ್ಗೀತೇ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಕೊನೆಗೊಂಡಿತು. ವಿಜಯನಗರದ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹೊಂದುವುದಿಲ್ಲ. ಗುಜರಿಗೆ ಹಾಕುವ ಬದಲು ಅದಕ್ಕೆ ಲಿನಕ್ಸ್ ಹಾಕಿದೆ. ಯಂತ್ರ ಹಗುರವಾಗಿ ಓಡಲೆಂದು ಐಕಾನ್, ಮೆನು ಯಾವುದೂ ಇಲ್ಲದ, ಕಮಾಂಡ್ ಟೈಪ್ ಮಾಡಿಯೇ ಕೆಲಸ ಮಾಡಬೇಕಾದ ವ್ಯವಸ್ಥೆಯನ್ನೇ ಆರಿಸಿದೆ. ಕಪ್ಪು ಪರದೆ ನೋಡಿದ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: ‘ಈಗ ಏನು ಒತ್ತಬೇಕೋ?’

ದೊಡ್ಡಪ್ಪ ರೈಲ್ವೆ ಟಿಕೆಟ್ ಕೌಂಟರ್‌ನಲ್ಲಿ ದುಡಿದು ನಿವೃತ್ತರಾದವರು. ಮೈಸೂರಿಗೆ ಎಂವೈಎಸ್, ಬೆಂಗಳೂರಿಗೆ ಎಸ್‌ಬಿಸಿ ಎಂದು ಮೌಸ್ ಮುಟ್ಟದೆ ಪಟಪಟನೆ ಟೈಪ್ ಮಾಡುತ್ತಿದ್ದವರು. ಅಲ್ಲಿ ಆದದ್ದು ಮನೆಯಲ್ಲಿ ಏಕಾಗಲಿಲ್ಲ? ಅಲ್ಲಿ ತರಬೇತಿ ಇತ್ತು, ಕೆಲಸ ಗೊತ್ತಿತ್ತು, ಮರೆತರೆ ಪಕ್ಕದ ಸೀಟಿನವರು ಹೇಳುತ್ತಿದ್ದರು.

ಅಂದರೆ ಜನಸಾಮಾನ್ಯರಿಗೆ ಟೈಪ್ ಮಾಡುವುದು ಕಷ್ಟವಲ್ಲ. ಇಂಟರ್ನೆಟ್ ಇಲ್ಲದ ಸಾದಾ ಮೊಬೈಲಿನಲ್ಲೂ *99# ಒತ್ತಿ ಹಣ ಕಳುಹಿಸಬಹುದು. ಅದು ಆಯ್ಕೆಗಳನ್ನು ಸಂಖ್ಯೆ ಹಾಕಿ ಮುಂದಿಡುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಕಮಾಂಡ್ ಲೈನ್ ಹಾಗಲ್ಲ. ಏನು ಕೇಳಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಉತ್ತರ ಕೊಡುತ್ತದೆ. ‘ಆರ್‌ಎಂ’ ಎಂದು ಬರೆದು ಕಡತದ ಹೆಸರು ಕೊಟ್ಟರೆ ಕಡತ ಅಳಿದೇ ಹೋಗುತ್ತದೆ. ರೀಸೈಕಲ್ ಬಿನ್‌ನಲ್ಲಿ ಹುಡುಕಿದರೂ ಸಿಗದು. ಕನ್ನಡದ ಗತಿ ಇನ್ನೂ ಕಷ್ಟ. ಪ್ರತಿ ಅಕ್ಷರವನ್ನೂ ಒಂದೇ ಅಳತೆಯ ಚೌಕದಲ್ಲಿ ಕೂರಿಸುವ ಆ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಅನೇಕ ಸಲ ಒಡೆದು ಕಾಣುತ್ತವೆ. 1995ರಲ್ಲಿ ವಿಂಡೋಸ್ 95 ಬಂದಾಗ ಜನ ಡಾಸ್ ಬಿಟ್ಟದ್ದು ದಡ್ಡತನದಿಂದಲ್ಲ, ಸುಲಭದ ದಾರಿ ಸಿಕ್ಕಿದ್ದರಿಂದ.

ಹಾಗಾಗಿ ಬರೀ ಕಮಾಂಡ್‌ಗಳ ವ್ಯವಸ್ಥೆ ಎಲ್ಲರಿಗೂ ಒಗ್ಗುತ್ತದೆ ಎಂದು ನಾನೀಗ ವಾದಿಸುವುದಿಲ್ಲ. ಆದರೆ ಅದು ಎಂಜಿನಿಯರ್‌ಗಳ ಸೊತ್ತು ಎಂಬುದನ್ನೂ ಒಪ್ಪಲಾರೆ. ಈಗ ಅದೇ ಕಂಪ್ಯೂಟರಿನಲ್ಲಿ ಐಕಾನ್‌ಗಳಿರುವ ಹಗುರ ಲಿನಕ್ಸ್ ಇದೆ, ಟರ್ಮಿನಲ್ ಕೂಡ ಇದೆ. ನಾಲ್ಕು ಕಮಾಂಡ್‌ಗಳನ್ನೂ ಅವುಗಳ ಅರ್ಥವನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಮೊನ್ನೆ ಪ್ರವಾಸದ ಇನ್ನೂರು ಫೋಟೊಗಳು ಒಂದೇ ಸಾಲಿನ ಕಮಾಂಡ್‌ಗೆ ಪೆನ್‌ಡ್ರೈವ್ ಸೇರಿದಾಗ ದೊಡ್ಡಪ್ಪ ನಕ್ಕರು: ‘ಇದು ನಮ್ಮ ಕೌಂಟರ್ ಕೆಲಸದ ಹಾಗೇ ಇದೆಯಲ್ಲೋ!’

ಶಾಲೆಯ ಕಂಪ್ಯೂಟರ್ ಪಾಠದಲ್ಲೂ ಇಂಥ ಹತ್ತು ಕಮಾಂಡ್‌ಗಳನ್ನು ಕನ್ನಡದಲ್ಲೇ ವಿವರಿಸಿ ಕಲಿಸಲಿ. ಬಳಸುವುದು ಬಿಡುವುದು ಅವರವರ ಇಷ್ಟ. ಆದರೆ ಗೊತ್ತಿಲ್ಲ ಎಂಬ ಹೆದರಿಕೆಗೆ ಯಾರೂ ದೂರ ಉಳಿಯಬಾರದು, ಓಡುವ ಯಂತ್ರ ಗುಜರಿಗೆ ಹೋಗಬಾರದು.