ಶೇಕಡಾ 38ರ ಅಭಯ

ಕಳೆದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಮ್ಮ ಮನೆಗೆ ಬಂದಿದ್ದಳು. ಅದು ಕಡೆಯ ದಿನ. ಸಾಲದುದಕ್ಕೆ ಕರೆಂಟು ಬೇರೆ ಇರಲಿಲ್ಲ. “ಹೆದರಬೇಡಮ್ಮ, ಲ್ಯಾಪ್‌ಟಾಪಿಗೆ ಮೊನ್ನೆಯಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಇನ್ನೂ ಶೇಕಡಾ 38 ಇದೆ” ಎಂದು ಅಭಯವಿತ್ತೆ. ನನ್ನ ಮಾತು ಮುಗಿಯುವುದರೊಳಗೆ ಪರದೆ ಕಪ್ಪಾಯಿತು. ಬರೆದುದೆಲ್ಲ ಮಾಯವಾಯಿತು. ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ರಾತ್ರಿ ಹತ್ತಕ್ಕೆ ಕರೆಂಟು ಬಂದು, ಹನ್ನೊಂದೂವರೆಗೆ ಅರ್ಜಿ ಸೇರಿದ್ದು ನಮ್ಮ ಪುಣ್ಯ.

ಮರುದಿನ ಬ್ಯಾಟರಿಯಂಗಡಿಯ ತರುಣನ ಮೇಲೆ ಹರಿಹಾಯ್ದೆ. ಅವನು ಸಿಟ್ಟಾಗದೆ, “ಸಾರ್, ಕೆಟ್ಟಿರುವುದು ಬ್ಯಾಟರಿಯೋ ಅದರ ಲೆಕ್ಕವೋ, ಮೊದಲು ನೋಡೋಣ” ಎಂದ.

ಪರದೆಯ ಮೇಲಿನ ಅಂಕಿ ಅಳತೆಯಲ್ಲ, ಅಂದಾಜು ಎಂಬುದು ನನಗೆ ಅಂದೇ ತಿಳಿದದ್ದು. ಕಣಜದೊಳಕ್ಕೆ ಇಣುಕದೆ, ಸುರಿದ ಕೊಳಗವನ್ನೂ ತೆಗೆದ ಸೇರನ್ನೂ ಎಣಿಸಿ ಉಳಿದ ಭತ್ತವನ್ನು ಹೇಳುವ ಗೃಹಿಣಿಯಂತೆ, ಬ್ಯಾಟರಿಯೊಳಗಿನ ಪುಟ್ಟದೊಂದು ಚಿಪ್ಪು ಒಳಬಂದ, ಹೊರಹೋದ ವಿದ್ಯುತ್ತನ್ನು ಎಣಿಸುತ್ತದೆ. ಕಣಜ ಎಷ್ಟು ದೊಡ್ಡದೆಂಬ ಮೂಲ ಲೆಕ್ಕವೇ ತಪ್ಪಿದ್ದರೆ ಉಳಿದುದೆಲ್ಲವೂ ತಪ್ಪು. ಬದಲಿ ಬ್ಯಾಟರಿಗಳಲ್ಲಿ ಹಲವೊಮ್ಮೆ ಆಗುವುದು ಇದೇ. ಮುಖ್ಯವಾಗಿ ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ ಚಿಪ್ಪಿಗೆ ನಿಜ ತಿಳಿಯುತ್ತದೆ.

ಪರಿಹಾರ ಸುಲಭ. ಬ್ಯಾಟರಿಯನ್ನು ಶೇಕಡಾ 100 ತುಂಬಿಸಿ, ಒಂದೆರಡು ಗಂಟೆ ಹಾಗೆಯೇ ಬಿಡಬೇಕು. ಅನಂತರ ಚಾರ್ಜರು ತೆಗೆದು, ಮುಖ್ಯವಾದ ಕೆಲಸವನ್ನೇನೂ ಇಟ್ಟುಕೊಳ್ಳದೆ, ಯಂತ್ರ ತಾನಾಗಿ ಆರುವವರೆಗೆ ನಡೆಸಬೇಕು. ಕೆಲವು ಗಂಟೆ ಬಿಟ್ಟು, ನಡುವೆ ನಿಲ್ಲಿಸದೆ ಮತ್ತೆ ಪೂರ್ತಿ ತುಂಬಿಸಬೇಕು. ಒಂದೆರಡು ಸುತ್ತು ಸಾಕು. ಪದೇ ಪದೇ ಬರಿದುಮಾಡಿದರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ವಿಂಡೋಸ್ ಯಂತ್ರದಿಂದ ಬ್ಯಾಟರಿಯ ವರದಿಯನ್ನೂ ಪಡೆಯಬಹುದು. ಅದರಲ್ಲಿ ವಿನ್ಯಾಸದ ಸಾಮರ್ಥ್ಯಕ್ಕಿಂತ ಪೂರ್ಣ ಚಾರ್ಜಿನ ಸಾಮರ್ಥ್ಯ ತೀರ ಕಡಿಮೆಯಿದ್ದರೆ, ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ಹಠಾತ್ತನೆ ಆರಿದರೆ, ದೋಷ ಲೆಕ್ಕದ್ದಲ್ಲ, ಬ್ಯಾಟರಿಯದೇ. ವಾರಂಟಿ ಮುಗಿಯುವ ಮೊದಲೇ ಹಿಂದಿರುಗಿಸಿ. ಬ್ಯಾಟರಿ ಉಬ್ಬಿದ್ದರಂತೂ ಇದಾವುದನ್ನೂ ಮಾಡದೆ ಬಳಕೆಯನ್ನೇ ನಿಲ್ಲಿಸಬೇಕು.

ನನ್ನ ಯಂತ್ರದ ಅಂಕಿ ಈಗ ಮೆಟ್ಟಿಲಿಳಿಯುವಂತೆ ಒಂದೊಂದಾಗಿ ಇಳಿಯುತ್ತಿದೆ. ಬ್ಯಾಟರಿಯ ಲೆಕ್ಕ ಸರಿಹೋಯಿತು. ಅಂಗಡಿಯ ತರುಣನಿಗೆ ಹೇಳಬೇಕಾದ ಕ್ಷಮೆಯ ಲೆಕ್ಕ ಮಾತ್ರ ಇನ್ನೂ ಬಾಕಿಯಿದೆ. ನಾಳೆ ಕಾಲೇಜಿನಿಂದ ಬರುವಾಗ ಅದನ್ನೂ ತೀರಿಸಬೇಕು.